ವ್ಯಾನಿನ ಒಳಚಾವಣಿ ಬಿಚ್ಚುವುದು: ಕ್ಯಾಂಪರ್ ಮಾಡಿಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಟೂರಿಸ್ಟ್ ಓಡಿಸುತ್ತಿದ್ದ ಹಳೇ ಟಿಟಿಯೊಂದನ್ನು, ಅಂದರೆ ಟೆಂಪೊ ಟ್ರಾವೆಲರ್ ವ್ಯಾನೊಂದನ್ನು ತಗೊಂಡು, ಮಲಗೋಕೆ, ಅಡುಗೆ ಮಾಡೋಕೆ ಆಗುವ ಗಾಡಿ ಮಾಡಿಕೊಂಡೆ. ಆಮೇಲೆ ಗೆಳೆಯರ ಇನ್ನೂ ಮೂರು ಗಾಡಿಗಳಿಗೆ ಕೈ ಹಾಕಿದೆ. ಅವತ್ತಿನಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಒಳಚಾವಣಿಯವೇ. ಸೀಟು ಬಿಚ್ಚೋಕೆ ಯಾರೂ ಹೆದರುವುದಿಲ್ಲ, ನಾಲ್ಕು ಬೋಲ್ಟಿನ ಕೆಲಸ. ಚಾವಣಿಯ ಕೆಳಗೆ ಮಾತ್ರ ಸ್ಕ್ರೂಡ್ರೈವರ್ ಹಿಡಿದು ಕತ್ತೆತ್ತಿ ನಿಂತುಬಿಡುತ್ತಾರೆ. ಫೋನಿನಲ್ಲಿ, ಪತ್ರದಲ್ಲಿ, ಎದುರಾ ಎದುರು ಸಿಕ್ಕಾಗ ಕೇಳಿದ್ದನ್ನೆಲ್ಲ ಇಲ್ಲಿ ಸೇರಿಸಿದ್ದೇನೆ. ಸುಲಭದವು ಮೊದಲು, ತಲೆನೋವಿನವು ಕೊನೆಗೆ. ಜಾಸ್ತಿ ಮಾತು ಟೆಂಪೊ ಟ್ರಾವೆಲರ್ ಬಗ್ಗೆ, ಯಾಕೆಂದರೆ ನನ್ನ ಕೈಗೆ ಗೊತ್ತಿರುವುದು ಅದು.

## ಶುರು ಮಾಡುವ ಮುಂಚೆ

ಒಳಚಾವಣಿ ನೋಡೋಕೆ ಚೆನ್ನಾಗೇ ಇದೆ. ಬಿಚ್ಚಲೇಬೇಕಾ?

ವರ್ಷಕ್ಕೆ ಎರಡು ರಾತ್ರಿ ಮಲಗೋಕಾದರೆ ಬೇಡ, ಸುಮ್ನೆ ಬಿಡಿ. ತಿಂಗಳುಗಟ್ಟಲೆ ಸುತ್ತುವ ಆಸೆಯಿದ್ದರೆ ಬಿಚ್ಚಲೇಬೇಕು. ಬಿಸಿಲು ತಡೆಯುವ ಇನ್ಸುಲೇಷನ್ ಹಾಕುವುದು, ಲೈಟು ಫ್ಯಾನಿಗೆ ವೈರ್ ಎಳೆಯುವುದು, ಎರಡೂ ಆ ಹಲಗೆಯ ಹಿಂದೆಯೇ ಆಗಬೇಕು.

ಆದರೆ ನನ್ನ ಮಟ್ಟಿಗೆ ದೊಡ್ಡ ಕಾರಣ ಬೇರೆ. ಹಳೇ ಗಾಡಿಯ ತಗಡು ಎಲ್ಲಿ ಸೋರಿದೆ, ಎಲ್ಲಿ ತುಕ್ಕು ಹಿಡಿದಿದೆ ಅನ್ನುವುದು ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಮೇಲೆ ಪೇಂಟ್ ಹೊಡೆದು ಮಾರಿರುತ್ತಾರೆ. ಒಳಗಡೆಯಿಂದ ಯಾರೂ ಹೊಡೆದಿರುವುದಿಲ್ಲ. ಗಾಡಿ ಕಳೆದ ಮಳೆಗಾಲಗಳ ಲೆಕ್ಕವೆಲ್ಲ ಆ ಹಲಗೆಯ ಹಿಂದೆ ಬರೆದಿರುತ್ತೆ. ಅದನ್ನು ಓದದೆ ಮೇಲೆ ಹೊಸ ಪ್ಲೈವುಡ್ ಹೊಡೆದರೆ ಎರಡು ವರ್ಷಕ್ಕೆ ಮತ್ತೆ ಬಿಚ್ಚುತ್ತೀರಿ.

ಚಾವಣಿ ಒಳಗೆ ಏನೇನಿರುತ್ತೆ ಅಂತ ಮೊದಲು ಹೇಳಿ, ಆಮೇಲೆ ಧೈರ್ಯ ಬರುತ್ತೆ

ಎಲ್ಲಕ್ಕಿಂತ ಮೇಲೆ ತಗಡು. ಒಂದು ಮಿಲಿಮೀಟರಿನಷ್ಟೂ ದಪ್ಪ ಇಲ್ಲ ಅಂದುಕೊಂಡೇ ಕೆಲಸ ಮಾಡಿ. ಅದರ ಕೆಳಗೆ ಎಡದಿಂದ ಬಲಕ್ಕೆ ಅಡ್ಡಪಟ್ಟಿಗಳು. ಮೇಸ್ತ್ರಿಗಳು ಇವನ್ನು ರಿಬ್ ಅನ್ನುತ್ತಾರೆ. ಮನೆಯ ತೊಲೆ ಇದ್ದ ಹಾಗೆ. ಪಟ್ಟಿಗಳ ನಡುವೆ ಗ್ಲಾಸ್ ವೂಲ್ (ಗಾಜಿನ ನಾರಿನ ಉಣ್ಣೆ), ಸ್ಪಂಜು ಅಥವಾ ಥರ್ಮೊಕೋಲ್. ಕೆಲವು ಗಾಡಿಗಳಲ್ಲಿ ಬರೀ ಗಾಳಿ. ಅಲ್ಲೇ ವೈರ್‌ಗಳು, ಎಸಿ ಇದ್ದರೆ ಅದರ ಡಕ್ಟ್. ಆಮೇಲೆ ಹಾರ್ಡ್‌ಬೋರ್ಡು ಅಥವಾ ಪ್ಲಾಸ್ಟಿಕ್ ಪ್ಯಾನೆಲ್, ಅದರ ಮೇಲೆ ಅಂಟಿಸಿದ ಬಟ್ಟೆ ಅಥವಾ ರೆಕ್ಸಿನ್. ಎರಡು ಪ್ಯಾನೆಲ್ ಸೇರುವ ಜಾಗ ಮುಚ್ಚೋಕೆ ಬೀಡಿಂಗ್.

ಟ್ರಾವೆಲರ್ ಮೊದಲು ರಸ್ತೆಗಿಳಿದದ್ದು 1987ರಲ್ಲಿ, ಮರ್ಸಿಡಿಸ್‌ನ ಟಿ1 ವ್ಯಾನಿನ ಲೈಸೆನ್ಸ್ ಪಡೆದು. ಆಗ ಕಂಪನಿಯ ಹೆಸರು ಬಜಾಜ್ ಟೆಂಪೊ. 2005ರಿಂದ ಫೋರ್ಸ್ ಮೋಟಾರ್ಸ್ ಆಯಿತು, ಆದರೂ ನಮ್ಮ ಬಾಯಲ್ಲಿ ಅದು ಇವತ್ತಿಗೂ ಟೆಂಪೊ ಟ್ರಾವೆಲರೇ. ಪೆಟ್ಟಿಗೆಯ ಹಾಗೆ ನೇರ ಗೋಡೆ ಇರುವುದರಿಂದ ನಮ್ಮ ಕೆಲಸಕ್ಕೆ ಅದು ಉಪಕಾರಿ.

ಒಂದು ಮಾತು. ಟೂರಿಸ್ಟ್ ಗಾಡಿಗಳಲ್ಲಿ ಬಹಳಷ್ಟಕ್ಕೆ ಮಾಲೀಕರು ಹೊರಗಡೆ ‘ಲಕ್ಷುರಿ ಇಂಟೀರಿಯರ್’ ಮಾಡಿಸಿರುತ್ತಾರೆ. ಅಂಥವಕ್ಕೆ ಯಾವ ಮ್ಯಾನುಯಲ್ಲೂ ಇಲ್ಲ. ಮಾಡಿದ ಕಾರ್ಪೆಂಟರ್ ತಲೆಯಲ್ಲಿ ಏನಿತ್ತೋ ಅದೇ ನಕ್ಷೆ.

ಇದಕ್ಕೆ ಆರ್‌ಟಿಓ ಅನುಮತಿ ಬೇಕಾ?

ಬರೀ ಒಳಚಾವಣಿ ಬಿಚ್ಚಿ ಬೇರೆ ಹಾಕಿದರೆ ಆರ್‌ಸಿಯಲ್ಲಿರುವ ಯಾವ ವಿವರವೂ ಬದಲಾಗುವುದಿಲ್ಲ. ಆದರೆ ಕ್ಯಾಂಪರ್ ಮಾಡುವವರು ಅಷ್ಟಕ್ಕೇ ನಿಲ್ಲುವುದಿಲ್ಲ ಅಲ್ವಾ? ಸೀಟು ತೆಗೆದರೆ ಸೀಟಿನ ಸಂಖ್ಯೆ ಬದಲಾಯಿತು. ಮೇಲೆ ಎತ್ತರದ ಚಾವಣಿ ಕೂರಿಸಿದರೆ ಬಾಡಿಯೇ ಬದಲಾಯಿತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಇದನ್ನೇ: ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಹೇಳಿತು. ಮೋಟಾರ್ ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಅನ್ನುವ ಮಾನದಂಡ ಇದೆ.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮುಂಚೆ ನಿಮ್ಮ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. ಹಳದಿ ಬೋರ್ಡ್ ಗಾಡಿಯಾದರೆ ಪರ್ಮಿಟ್, ತೆರಿಗೆ ಅಂತ ಇನ್ನೊಂದು ಸುತ್ತು ಇದ್ದೇ ಇದೆ.

ಯಾವ ತಿಂಗಳಲ್ಲಿ ಬಿಚ್ಚೋದು ಒಳ್ಳೇದು?

ಯುಗಾದಿ ಆಸುಪಾಸು. ಇದರ ಬಗ್ಗೆ ನನಗೆ ಹಠವೇ ಇದೆ. ಆಗ ಬಿಚ್ಚಿದರೆ ಒಳಗಿನ ತೇವ ಬಿಸಿಲಿಗೆ ಪೂರ್ತಿ ಒಣಗುತ್ತೆ. ಏಪ್ರಿಲ್‌ನಲ್ಲಿ ಮಾವಿನ ಮಳೆ ಬರುತ್ತೆ, ಗುಡುಗು ಗಾಳಿ ಸಮೇತ ಅಡ್ಡಡ್ಡ ಹೊಡೆಯುವ ಮಳೆ. ತಗಡು ಬರಿದಾಗಿ ಇರುವಾಗಲೇ ಅಂಥ ಒಂದು ಮಳೆಯಲ್ಲಿ ಗಾಡಿ ಒಳಗೆ ಟಾರ್ಚ್ ಹಿಡಿದು ಕೂರಿ. ಎಲ್ಲೆಲ್ಲಿ ಹನಿ ಇಣುಕುತ್ತೋ ಅಲ್ಲಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಜೂನ್‌ಗೆ ಮುಂಚೆ ಮುಚ್ಚಿಬಿಡಿ.

ಆಗಸ್ಟ್‌ನಲ್ಲಿ ಸಕಲೇಶಪುರದ ಶೆಡ್ಡಿನಲ್ಲಿ ಈ ಕೆಲಸ ಮಾಡಿದ ಗೆಳೆಯನ ಗಾಡಿಯಲ್ಲಿ ಪ್ರೈಮರ್ ಒಣಗೋಕೇ ನಾಲ್ಕು ದಿನ ಹಿಡಿಯಿತು. ಬಿಚ್ಚಿಟ್ಟ ಹಾರ್ಡ್‌ಬೋರ್ಡ್ ಅಷ್ಟರಲ್ಲಿ ಹಪ್ಪಳದ ಹಾಗೆ ಬಾಗಿತ್ತು.

ಏನೇನು ಸಾಮಾನು ಬೇಕು? ದುಬಾರಿ ಕಿಟ್ ತಗೋಬೇಕಾ?

ಬೇಡ. ಪ್ಯಾನೆಲ್ ಮೀಟುವ ಪ್ಲಾಸ್ಟಿಕ್ ಟ್ರಿಮ್ ಟೂಲ್ ಒಂದು ಸೆಟ್, ಸ್ಟಾರ್ ಸ್ಕ್ರೂಡ್ರೈವರ್ ದಪ್ಪ ಸಣ್ಣ ಎರಡು, 10ರ ಸ್ಪ್ಯಾನರ್, ಡ್ರಿಲ್ಲು, ಹೆಡ್ ಟಾರ್ಚ್, ಕಣ್ಣಿಗೆ ಗಾಗಲ್, ಎನ್95 ಮಾಸ್ಕ್. ವಿದೇಶಿ ವ್ಯಾನಾದರೆ ಟಿ20, ಟಿ25, ಟಿ30 ಟಾರ್ಕ್ಸ್ (ಆರು ಮೂಲೆಯ ನಕ್ಷತ್ರದಾಕಾರದ) ಬಿಟ್‌ಗಳೂ ಬೇಕು. ಕಬ್ಬಿಣದ ಸ್ಕ್ರೂಡ್ರೈವರ್‌ನಿಂದ ಪ್ಯಾನೆಲ್ ಮೀಟಬೇಡಿ, ಅಂಚು ಹಲ್ಲಿನಿಂದ ಕಚ್ಚಿದ ಹಾಗೆ ಆಗುತ್ತೆ. ಟ್ರಿಮ್ ಟೂಲ್ ಸಿಗದಿದ್ದರೆ ಹಳೇ ಬಿದಿರಿನ ದೋಸೆ ಮಗುಚುವ ಕೈ ಸಾಕು. ತಮಾಷೆ ಅಲ್ಲ, ನನ್ನ ಮೊದಲ ಗಾಡಿಯ ಅರ್ಧ ಚಾವಣಿ ಅದರಲ್ಲೇ ಬಂತು. ಅಡುಗೆಮನೆಗೆ ಆ ಕೈ ವಾಪಸ್ ಹೋಗಲಿಲ್ಲ ಅನ್ನುವುದು ಬೇರೆ ವಿಷಯ.

ಇಷ್ಟರ ಜೊತೆಗೆ ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಕವರ್‌ಗಳು, ಮಾರ್ಕರ್ ಪೆನ್ನು, ಪೇಪರ್ ಟೇಪ್ ಇರಲಿ.

ಒಬ್ಬನೇ ಮಾಡಬಹುದಾ? ಎಷ್ಟು ದಿನ ಬೇಕು?

ಹನ್ನೆರಡು ಸೀಟಿನ ಗಾಡಿಗೆ ಒಂದು ಶನಿವಾರ, ಒಂದು ಭಾನುವಾರ. ಸ್ಕ್ರೂ, ಕ್ಲಿಪ್ ಕೆಲಸ ಒಬ್ಬರೇ ಮಾಡಬಹುದು. ಕೊನೆಯಲ್ಲಿ ದೊಡ್ಡ ಪ್ಯಾನೆಲ್ ಇಳಿಸುವಾಗ ಮಾತ್ರ ಇನ್ನೊಬ್ಬರು ಬೇಕೇ ಬೇಕು. ಒಂದು ಕಡೆ ಬಿಟ್ಟುಕೊಂಡರೆ ನಡು ಮುರಿಯುತ್ತೆ, ಪ್ಯಾನೆಲ್‌ದು.

## ಬಿಚ್ಚುವಾಗ

ಎಲ್ಲಿಂದ ಶುರು ಮಾಡಲಿ? ಮುಂದಿನಿಂದಲೋ ಹಿಂದಿನಿಂದಲೋ?

ಮುಂದೆ ಹಿಂದೆ ಆಮೇಲೆ. ಮೊದಲು ನೋಡಬೇಕಾದದ್ದು ಯಾವುದರ ಅಂಚು ಯಾವುದರ ಮೇಲೆ ಕೂತಿದೆ ಅನ್ನುವುದು. ಮೇಲೆ ಕೂತಿರುವುದನ್ನು ಕೊನೆಯಲ್ಲಿ ಹಾಕಿರುತ್ತಾರೆ, ಹಾಗಾಗಿ ಅದೇ ಮೊದಲು ಬರಬೇಕು. ಇಷ್ಟು ತಿಳಿದರೆ ಯಾವ ವ್ಯಾನನ್ನಾದರೂ ಬಿಚ್ಚಬಹುದು. ಟಾರ್ಚ್ ಹಿಡಿದು ಹತ್ತು ನಿಮಿಷ ಸುಮ್ನೆ ನೋಡಿ. ಕೈ ಹಾಕಬೇಡಿ.

ನನ್ನ ಗಾಡಿಯಲ್ಲಿ ಆದ ಕ್ರಮ ಹೀಗೆ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಆಮೇಲೆ ತಲೆ ಮೇಲಿನ ಲಗೇಜ್ ರ‍್ಯಾಕು. ಅದರ ಬೋಲ್ಟುಗಳು ಪ್ಯಾನೆಲ್ ದಾಟಿ ಸೀದಾ ರಿಬ್‌ಗೆ ಹೋಗಿದ್ದವು. ಆಮೇಲೆ ಹಿಡಿಕೆಗಳು, ಲೈಟು, ಸ್ಪೀಕರು, ಎಸಿಯ ಗಾಳಿ ಕಿಂಡಿಗಳು. ಬಾಗಿಲ ಸುತ್ತ ಇರುವ ರಬ್ಬರ್ ಬೀಡಿಂಗನ್ನು ಕೈಯಿಂದಲೇ ಎಳೆದೆ. ಚಾವಣಿ ಬಟ್ಟೆಯ ತುದಿಯನ್ನು ಅದರ ಕೆಳಗೆ ಸಿಕ್ಕಿಸಿದ್ದರು. ನಂತರ ಕಿಟಕಿಯ ಮೇಲಿನ ಉದ್ದದ ಪಟ್ಟಿ. ಅದು ಬಂದ ಮೇಲೇ ಚಾವಣಿ ಪ್ಯಾನೆಲ್‌ನ ಅಂಚು ಕಣ್ಣಿಗೆ ಬಿತ್ತು. ಆಮೇಲೆ ಅಡ್ಡ ಬೀಡಿಂಗ್, ಕೊನೆಗೆ ಹಿಂದಿನಿಂದ ಮುಂದಕ್ಕೆ ಒಂದೊಂದೇ ಪ್ಯಾನೆಲ್.

ಪ್ರತಿ ಹೆಜ್ಜೆಗೆ ಒಂದು ಫೋಟೊ ತೆಗೆಯಿರಿ. ಪ್ಯಾನೆಲ್ ಹಿಂದೆ ‘ಹಿಂದಿನಿಂದ 2, ಎಡ’ ಅಂತ ಬರೆದು ಬಾಣ ಹಾಕಿ. ಅದರ ಸ್ಕ್ರೂಗಳನ್ನು ಕವರಿಗೆ ಹಾಕಿ ಅದೇ ಪ್ಯಾನೆಲ್‌ಗೆ ಟೇಪಿನಿಂದ ಅಂಟಿಸಿ. ಎಲ್ಲ ಸ್ಕ್ರೂನೂ ಒಂದೇ ಡಬ್ಬಿಗೆ ಹಾಕಿದರೆ ಉದ್ದದ ಸ್ಕ್ರೂ ತಪ್ಪು ಜಾಗಕ್ಕೆ ಹೋಗುತ್ತೆ. ಅದರ ಕಥೆ ಕೊನೆಯಲ್ಲಿ ಇದೆ.

ಸ್ಕ್ರೂ ಎಲ್ಲೂ ಕಾಣ್ತಾನೇ ಇಲ್ಲ. ಇದು ಹೇಗೆ ನಿಂತಿದೆ?

ಉಗುರಿನಷ್ಟು ಅಗಲದ ದುಂಡನೆ ಮುಚ್ಚಳ ಎಲ್ಲಾದರೂ ಇದೆಯಾ ನೋಡಿ, ಅದರ ಕೆಳಗೆ ಸ್ಕ್ರೂ ಇರುತ್ತೆ. ಹಿಡಿಕೆಗಳ ಎರಡೂ ತುದಿಗೆ ಇಂಥ ಮುಚ್ಚಳ ಇದ್ದೇ ಇರುತ್ತೆ. ಅದೂ ಇಲ್ಲ ಅಂದರೆ ಹಿಂದೆ ಕ್ಲಿಪ್ ಇದೆ. ಬೆರಳ ಗೆಣ್ಣಿನಿಂದ ತಟ್ಟಿಕೊಂಡು ಹೋಗಿ. ಟೊಳ್ಳು ಶಬ್ದದ ನಡುವೆ ಎಲ್ಲಿ ಗಟ್ಟಿ ಶಬ್ದ ಬರುತ್ತೋ ಅಲ್ಲಿ ರಿಬ್ ಇದೆ, ಕ್ಲಿಪ್ಪೂ ಅಲ್ಲೇ ಇರುತ್ತೆ.

ಟೂಲನ್ನು ಕ್ಲಿಪ್ಪಿನ ಪಕ್ಕಕ್ಕೇ ತಳ್ಳಿ ನೇರ ಕೆಳಕ್ಕೆ ಮೀಟಬೇಕು. ಪ್ಯಾನೆಲ್‌ನ ತುದಿ ಹಿಡಿದು ಎಳೆದರೆ ಕ್ಲಿಪ್ ಅಲ್ಲೇ ಉಳಿದು ಹಾರ್ಡ್‌ಬೋರ್ಡ್ ಹರಿದು ಕೈಗೆ ಬರುತ್ತೆ. ಎಲ್ಲ ಕ್ಲಿಪ್ ಬಿಟ್ಟರೂ ಪ್ಯಾನೆಲ್ ಜಗ್ಗದಿದ್ದರೆ ನಡುವೆ ಗಮ್ ಹಾಕಿದ್ದಾರೆ ಅಂತ ಅರ್ಥ. ಉದ್ದನೆ ತೆಳು ಬ್ಲೇಡಿನ ಚಾಕು ಹಾಕಿ ನಿಧಾನಕ್ಕೆ ಕೊಯ್ಯಿರಿ. ಹಾಗೆ ಮಾಡುವ ಮುಂಚೆ ಅಲ್ಲಿ ವೈರ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಕ್ಲಿಪ್‌ಗಳು ಪಟ ಪಟ ಅಂತ ಮುರೀತಿವೆ. ನಾನೇನು ತಪ್ಪು ಮಾಡ್ತಿದ್ದೀನಿ?

ಏನೂ ಇಲ್ಲ. ಹತ್ತು ಹದಿನೈದು ವರ್ಷ ಬಿಸಿಲಿಗೆ ಬೆಂದ ಪ್ಲಾಸ್ಟಿಕ್ ಅದು. ಬೆಳಗಿನ ಚಳಿಯಲ್ಲಿ ಇನ್ನೂ ಜಾಸ್ತಿ ಮುರಿಯುತ್ತೆ. ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ ಹನ್ನೊಂದು ಗಂಟೆ ಹೊತ್ತಿಗೆ ಶುರು ಮಾಡಿ. ಅಥವಾ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ. ಮುರಿದ ಕ್ಲಿಪ್ ಎರಡನ್ನು ಬಿಸಾಕದೆ ಇಟ್ಟುಕೊಳ್ಳಿ, ಕೂತಿದ್ದ ತೂತಿನ ಅಗಲವನ್ನೂ ಅಳೆದುಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸ್ಯಾಂಪಲ್ ತೋರಿಸಿದರೆ ಜೋಡಿ ಹುಡುಕಿ ಕೊಡುತ್ತಾರೆ. ಗಾಡಿ ಹೆಸರು ಹೇಳಿ ಕೇಳಿದರೆ ಮಾತ್ರ ಹತ್ತು ತರಹದ್ದು ಮುಂದೆ ಸುರಿಯುತ್ತಾರೆ.

ಅಲ್ಯೂಮಿನಿಯಂ ಪಟ್ಟಿಗೆ ರಿವೆಟ್ ಹೊಡೆದಿದ್ದಾರೆ. ಉಳಿ ಸುತ್ತಿಗೆ ತರಲಾ?

ತರಬೇಡಿ. ಡ್ರಿಲ್ ಮಾಡಿ. ಪಾಪ್ ರಿವೆಟ್‌ಗಳು ಸಾಮಾನ್ಯವಾಗಿ 3.2, 4 ಅಥವಾ 4.8 ಮಿ.ಮೀ. ಬರುತ್ತವೆ. ರಿವೆಟ್ಟಿನ ಕಾಂಡದಷ್ಟೇ ದಪ್ಪದ ಬಿಟ್ ಹಾಕಿ, ನಿಧಾನ ಸ್ಪೀಡಿನಲ್ಲಿ ತಲೆಯನ್ನಷ್ಟೇ ಕೊರೆಯಿರಿ. ತಲೆ ಉಂಗುರದ ಹಾಗೆ ಬಿಟ್ಟಿಗೆ ಸುತ್ತಿಕೊಂಡು ಬರುತ್ತೆ. ಬಂದ ಕೂಡಲೇ ಕೈ ಹಿಂದಕ್ಕೆ. ಉಳಿದ ಕಾಂಡವನ್ನು ಮೊಳೆಯಿಂದ ತಟ್ಟಿದರೆ ಒಳಗೆ ಬೀಳುತ್ತೆ. ಬಿಟ್‌ಗೆ ಎರಡು ಸೆಂಟಿಮೀಟರ್ ಬಿಟ್ಟು ಟೇಪ್ ಸುತ್ತಿದರೆ ಗುರುತು ಸಿಗುತ್ತೆ, ಮೇಲಿನ ತಗಡಿಗೆ ತಾಗುವುದಿಲ್ಲ.

ಗಾಗಲ್ ಹಾಕದೆ ತಲೆ ಮೇಲೆ ಕೊರೆಯುವ ಶೂರರನ್ನು ನೋಡಿದ್ದೇನೆ. ಕಣ್ಣಿನ ಡಾಕ್ಟರ ಹತ್ತಿರ ಅವರ ಜೊತೆಗೆ ಹೋಗಿಯೂ ಬಂದಿದ್ದೇನೆ.

ಎಸಿ ಡಕ್ಟ್ ಬಿಚ್ಚಿದ್ರೆ ಗ್ಯಾಸ್ ಹೋಗಿಬಿಡುತ್ತಾ?

ಡಕ್ಟ್ ಅಂದರೆ ಗಾಳಿ ಹೋಗುವ ಕೊಳವೆ ಅಷ್ಟೇ. ಅದರಲ್ಲಿ ಗ್ಯಾಸ್ ಇಲ್ಲ, ಧೈರ್ಯವಾಗಿ ಬಿಚ್ಚಿ. ಗ್ಯಾಸ್ ಇರುವುದು ತಣ್ಣಗಾಗುವ ಕಾಯಿಲ್‌ಗೆ ಹೋಗುವ ಲೋಹದ ಪೈಪು, ದಪ್ಪ ರಬ್ಬರ್ ಹೋಸ್‌ಗಳಲ್ಲಿ. ಅವುಗಳ ನಟ್‌ಗೆ ಸ್ಪ್ಯಾನರ್ ತಾಗಿಸಬೇಡಿ. ಒತ್ತಡದಲ್ಲಿರುವ ಗ್ಯಾಸ್ ಕೈಗೆ ಹೊಡೆದರೆ ಚರ್ಮ ಹೆಪ್ಪುಗಟ್ಟುತ್ತೆ. ಎಸಿ ಪೂರ್ತಿ ಬೇಡ ಅಂದರೆ ಮೆಕ್ಯಾನಿಕ್ ಹತ್ತಿರ ಮೆಷಿನ್‌ನಲ್ಲಿ ಗ್ಯಾಸ್ ಎಳೆಸಿಕೊಂಡು ಬಂದು ಆಮೇಲೆ ಬಿಚ್ಚಿ.

ಕಾಯಿಲ್ ಕೆಳಗಿನ ನೀರಿನ ತಟ್ಟೆಯಿಂದ ಒಂದು ಸಣ್ಣ ಪೈಪು ಕಿಟಕಿ ಪಕ್ಕದ ಬಾಡಿ ಕಂಬದೊಳಗಿಂದ ಕೆಳಗಿಳಿಯುತ್ತೆ. ಅದಕ್ಕೆ ಊದಿ ನೋಡಿ. ಧೂಳು ಕಟ್ಟಿದ್ದರೆ ನೀರು ವಾಪಸ್ ಉಕ್ಕಿ ಚಾವಣಿಗೇ ಬರುತ್ತೆ. ‘ಚಾವಣಿ ಸೋರ್ತಿದೆ’ ಅಂತ ನನ್ನ ಹತ್ತಿರ ಬಂದ ಒಂದು ಗಾಡಿಯಲ್ಲಿ ತಗಡು ವಜ್ರದ ಹಾಗಿತ್ತು, ಕಟ್ಟಿಕೊಂಡಿದ್ದು ಈ ಪೈಪು.

ಬೇಡದ ವೈರ್‌ಗಳನ್ನು ಕತ್ತರಿಸಿ ಬಿಸಾಕಬಹುದಾ?

ಯಾವುದು ಬೇಡದ್ದು ಅಂತ ನಿಮಗೆ ಹೇಗೆ ಗೊತ್ತು? ನಾನೂ ಹಾಗೇ ಅಂದುಕೊಂಡು ಕಪ್ಪು ಟೇಪ್ ಸುತ್ತಿದ್ದ ಒಂದು ಕಟ್ಟನ್ನು ಕತ್ತರಿಸಿದೆ. ಹಳೇ ಡಿಜೆ ಲೈಟಿನದು ಅಂತ ಲೆಕ್ಕ. ಸಂಜೆ ನೋಡಿದರೆ ಹಿಂದಿನ ಪಾರ್ಕಿಂಗ್ ಲೈಟು, ನಂಬರ್ ಪ್ಲೇಟ್ ಲೈಟು ಎರಡೂ ಸತ್ತಿದ್ದವು. ಹೊರಗೆ ಇಂಟೀರಿಯರ್ ಮಾಡಿದವರು ಕೆಳಗಿನ ವೈರ್ ಕೆಟ್ಟಾಗ ಮೇಲಿನಿಂದ ಹೊಸ ಲೈನ್ ಎಳೆದುಬಿಟ್ಟಿದ್ದರು.

ಕನೆಕ್ಟರ್ ಇದ್ದರೆ ಕನೆಕ್ಟರ್‌ನಲ್ಲೇ ಬಿಡಿಸಿ, ಎರಡೂ ತುದಿಗೆ ಒಂದೇ ನಂಬರಿನ ಟೇಪ್ ಅಂಟಿಸಿ. ಆಮೇಲೆ ಬ್ಯಾಟರಿ ಹಾಕಿ ಎಲ್ಲ ಲೈಟು, ಇಂಡಿಕೇಟರು, ಹಾರನ್ನು ಪರೀಕ್ಷೆ ಮಾಡಿ. ಎರಡು ದಿನ ಓಡಿಸಿ. ಏನೂ ಕೆಟ್ಟಿಲ್ಲ ಅಂದರೆ ಆಗ ಕತ್ತರಿ ಹಾಕಿ. 2019ರ ಈಚಿನ ಹಳದಿ ಬೋರ್ಡ್ ಗಾಡಿಯಾಗಿದ್ದರೆ ಎಐಎಸ್-140 ಪ್ರಕಾರದ ಟ್ರ್ಯಾಕಿಂಗ್ ಯಂತ್ರ, ಕೆಂಪು ಪ್ಯಾನಿಕ್ ಬಟನ್‌ಗಳ ವೈರ್ ಕೂಡ ಅದೇ ದಾರಿಯಲ್ಲಿ ಹೋಗಿರಬಹುದು. ಗಾಡಿ ಇನ್ನೂ ಹಳದಿ ಬೋರ್ಡಿನಲ್ಲೇ ಇದ್ದರೆ ಅದನ್ನು ಮುಟ್ಟಬೇಡಿ.

ಗ್ಲಾಸ್ ವೂಲ್ ಮೈಮೇಲೆ ಬಿತ್ತು, ತುರಿಕೆ ತಡೆಯೋಕಾಗ್ತಿಲ್ಲ

ಉಜ್ಜಬೇಡಿ, ಇನ್ನೂ ಒಳಗೆ ಚುಚ್ಚಿಕೊಳ್ಳುತ್ತೆ. ಮೊದಲು ತಣ್ಣೀರು ಸುರಿದುಕೊಂಡು ಆಮೇಲೆ ಸೋಪು ಹಾಕಿ. ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಒಗೆಯೋಕೆ ಹಾಕಿದರೆ ಮನೆಯವರಿಗೆಲ್ಲ ಹಬ್ಬ. ಮುಂದಿನ ಸಲ ತುಂಬು ತೋಳಿನ ಅಂಗಿ, ಕುತ್ತಿಗೆಗೆ ಟವೆಲ್, ಕೈಗವಸು, ಮಾಸ್ಕ್. ಗ್ಲಾಸ್ ವೂಲ್‌ಗೆ ನೀರು ಚಿಮುಕಿಸಿದರೆ ಹಾರುವುದಿಲ್ಲ.

ಓಮ್ನಿ, ಈಕೊಗೂ ಇದನ್ನೇ ಮಾಡಬಹುದಾ?

ಮಾಡಬಹುದು, ಆದರೆ ಬೇಡ ಅನ್ನುತ್ತೇನೆ. ಆ ಗಾಡಿಗಳಲ್ಲಿ ಹೇಗಿದ್ದರೂ ನಿಲ್ಲೋಕಾಗಲ್ಲ. ಕೂತರೆ ತಲೆಗೂ ಚಾವಣಿಗೂ ನಾಲ್ಕು ಬೆರಳು ಉಳಿಯುತ್ತೆ, ಅದರಲ್ಲಿ ಎರಡು ಬೆರಳು ಇನ್ಸುಲೇಷನ್‌ಗೆ ಕೊಟ್ಟರೆ ಉಳಿಯುವುದೇನು? ಸೋರುತ್ತಿದ್ದರೆ ಬಿಚ್ಚಿ ನೋಡಿ, ಸರಿ ಮಾಡಿ, ಅದೇ ಚಾವಣಿ ವಾಪಸ್ ಹಾಕಿ.

ನಾನು ಜರ್ಮನಿಯಲ್ಲಿದ್ದೀನಿ, ಮರ್ಸಿಡಿಸ್‌ನ ಹಳೇ ಸ್ಪ್ರಿಂಟರ್ ವ್ಯಾನ್ ತಗೊಂಡಿದ್ದೀನಿ. ಏರ್‌ಬ್ಯಾಗ್ ಬಗ್ಗೆ ಭಯ ಇದೆ

ಆ ಭಯ ಒಳ್ಳೆಯದೇ. ಕಿಟಕಿ ಮೇಲಿನಿಂದ ಪರದೆಯ ಹಾಗೆ ಬೀಳುವ ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದು ಚಾವಣಿಯ ಅಂಚಿನ ಹಿಂದೆ, ಕಂಬದ ಮೇಲ್ತುದಿಯಲ್ಲಿ ಮಡಚಿ ಕೂತಿರುತ್ತೆ. ಕಂಬದ ಟ್ರಿಮ್ ಮೇಲೆ ಏರ್‌ಬ್ಯಾಗ್ ಅಂತ ಅಚ್ಚು ಇದೆಯಾ ನೋಡಿ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಅದರದ್ದೇ ಅಂದುಕೊಳ್ಳಿ. ಬ್ಯಾಟರಿ ಬಿಚ್ಚಿ, ಆ ಗಾಡಿಯ ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾದು ಆಮೇಲೆ ಕೈ ಹಾಕಿ. ಮಲ್ಟಿಮೀಟರ್ ಇಟ್ಟು ಆ ವೈರನ್ನು ಪರೀಕ್ಷೆ ಮಾಡಬೇಡಿ. ನಿಮ್ಮದು ಸರಕಿನ ವ್ಯಾನಾದರೆ ಹಿಂದಿನ ಭಾಗದಲ್ಲಿ ಬಿಚ್ಚೋಕೆ ಹೆಚ್ಚೇನೂ ಇರುವುದಿಲ್ಲ, ಡ್ರೈವರ್ ತಲೆ ಮೇಲಿನ ಭಾಗವೇ ಜಾಣತನ ಕೇಳುವುದು.

## ಬಿಚ್ಚಿದ ಮೇಲೆ

ತುಕ್ಕು ಕಾಣ್ತಿದೆ. ಎಷ್ಟಿದ್ರೆ ಗಾಬರಿ ಆಗಬೇಕು?

ಬೆರಳಿಂದ ಒರೆಸಿದರೆ ಪುಡಿ ಬರುವಷ್ಟಾದರೆ ಗಾಬರಿ ಬೇಡ. ವೈರ್ ಬ್ರಷ್ ಹಾಕಿ, ತುಕ್ಕು ಪರಿವರ್ತಕ (ರಸ್ಟ್ ಕನ್ವರ್ಟರ್) ಹಚ್ಚಿ, ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೋಟ್. ಪದರ ಪದರವಾಗಿ ಎದ್ದಿದ್ದರೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ತೂರಿಕೊಂಡು ಹೋದರೆ ಟಿಂಕರಿಂಗ್ ಅಂಗಡಿಗೆ ಹೋಗಿ, ಆ ತುಂಡು ಕತ್ತರಿಸಿ ಹೊಸ ತಗಡು ಬೆಸೆಯಲೇಬೇಕು. ಮೇಲೆ ಪುಟ್ಟಿ ಮೆತ್ತುತ್ತೇವೆ ಅನ್ನುವವರ ಹತ್ತಿರ ಗಾಡಿ ಬಿಡಬೇಡಿ. ಮಂಗಳೂರು, ಉಡುಪಿ ಕಡೆ ಓಡಿದ ಗಾಡಿಯಾದರೆ ಉಪ್ಪುಗಾಳಿಯ ಕೆಲಸ ರಿಬ್‌ನ ಕೊನೆಗಳಲ್ಲಿ, ಗೋಡೆಗೆ ಸೇರುವ ಮೂಲೆಯಲ್ಲಿ ಕಾಣುತ್ತೆ. ಅಲ್ಲಿಗೆ ಕನ್ನಡಿ ಹಿಡಿದು ನೋಡಿ.

ಮಳೆಗಾಲಕ್ಕೆ ಕಾಯೋಕಾಗಲ್ಲ. ಸೋರುವ ಜಾಗ ಹೇಗೆ ಹುಡುಕಲಿ?

ಒಬ್ಬರು ಹೊರಗೆ ಪೈಪು ಹಿಡಿಯಲಿ, ಒಬ್ಬರು ಒಳಗೆ ಕೂರಲಿ. ನೀರು ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೊದಲೇ ಮೇಲೆ ಸುರಿದರೆ ಎಲ್ಲ ಕಡೆ ಹರಿದು ಯಾವ ಕಿಂಡಿಯಿಂದ ಬಂತು ಅಂತ ಗೊತ್ತಾಗಲ್ಲ. ಒಂದೊಂದು ಜಾಗಕ್ಕೆ ಐದು ನಿಮಿಷ ಬಿಡಿ. ನನ್ನ ಅನುಭವದಲ್ಲಿ ಅಪರಾಧಿ ಮೊದಲು ಕ್ಯಾರಿಯರ್ ಬೋಲ್ಟು, ಆಮೇಲೆ ಮೇಲಿನ ದೀಪಗಳ ತೂತು, ಆಮೇಲೆ ಗಟಾರದ ಹಾಗೆ ಓಡುವ ಉದ್ದನೆಯ ಜೋಡಣೆ. ಹನಿ ಬಿದ್ದ ಜಾಗವೇ ತೂತಿನ ಜಾಗ ಅಂದುಕೊಳ್ಳಬೇಡಿ. ನೀರು ರಿಬ್ ಮೇಲೆ ಮೂರು ಅಡಿ ನಡೆದುಕೊಂಡು ಬಂದು ಬೇರೆ ಕಡೆ ಬೀಳುತ್ತೆ.

ಮುಚ್ಚೋಕೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ತಗೊಳ್ಳಿ. ವಿನೆಗರ್ ವಾಸನೆ ಬರುವ ಬಾತ್‌ರೂಮ್ ಸಿಲಿಕೋನ್ ಬೇಡವೇ ಬೇಡ. ಆ ವಾಸನೆಯೇ ಆಮ್ಲದ್ದು, ಬರೀ ತಗಡಿಗೆ ತಾಗಿದರೆ ಹೊಸ ತುಕ್ಕು ತರುತ್ತೆ. ಅದರ ಮೇಲೆ ಪೇಂಟೂ ನಿಲ್ಲುವುದಿಲ್ಲ.

ಹಳೇ ಗಮ್ ಹೋಗ್ತಾನೇ ಇಲ್ಲ

ಹೀಟ್ ಗನ್‌ನಲ್ಲಿ ಬೆಚ್ಚಗೆ ಮಾಡಿ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ, ಉಳಿದದ್ದಕ್ಕೆ ಟರ್ಪೆಂಟೈನ್ ಬಟ್ಟೆ. ಎರಡನ್ನೂ ಒಟ್ಟಿಗೆ ಮಾಡಬೇಡಿ, ಬೆಂಕಿ ಹತ್ತುತ್ತೆ. ಬಾಗಿಲೆಲ್ಲ ತೆಗೆದಿರಲಿ.

ಬಿಚ್ಚಿದ ಹಳೇ ಪ್ಯಾನೆಲ್‌ಗಳನ್ನು ಗುಜರಿಗೆ ಹಾಕಲಾ?

ಹೊಸ ಚಾವಣಿ ಕೂರುವವರೆಗೆ ಒಂದು ತುಂಡನ್ನೂ ಹಾಕಬೇಡಿ. ಹೊಸ ಪ್ಲೈ ಕತ್ತರಿಸೋಕೆ ಅದೇ ಅಚ್ಚು. ಗೋಡೆಗೆ ತಿರುಗುವ ಆ ಬಾಗನ್ನು ಟೇಪ್ ಹಿಡಿದು ಅಳೆಯೋಕಾಗಲ್ಲ. ಹಳೇ ಪ್ಯಾನೆಲ್ ಇಟ್ಟು ಪೆನ್ಸಿಲ್ ಓಡಿಸಿದರೆ ಮುಗಿಯಿತು. ನನ್ನ ಮೊದಲ ಗಾಡಿಯದನ್ನು ಅದೇ ದಿನ ಗುಜರಿಯವನಿಗೆ ಕೊಟ್ಟು, ಎರಡು ವಾರ ರಟ್ಟಿನ ಪೆಟ್ಟಿಗೆ ಕತ್ತರಿಸುತ್ತಾ ಕೂತಿದ್ದೆ.

ಅಂದ ಹಾಗೆ, ಪ್ಯಾನೆಲ್ ಹಿಂದೆ ಏನು ಸಿಗುತ್ತೆ ಅಂತಲೂ ಕೇಳುತ್ತಾರೆ. ನನಗೆ ಸಿಕ್ಕಿದ್ದು ಎರಡು ಬಾಚಣಿಗೆ, ಕುಂಕುಮದ ಪೊಟ್ಟಣ, ಧರ್ಮಸ್ಥಳದ ಪಾರ್ಕಿಂಗ್ ಚೀಟಿ, ಮಣ್ಣಿನಲ್ಲಿ ಕಟ್ಟಿದ ಕಣಜದ ಗೂಡು ಆರು.

## ಸ್ವಲ್ಪ ಕಷ್ಟದವು

ಇನ್ಸುಲೇಷನ್ ಹಾಕಿದ ಮೇಲೂ ಬೆಳಿಗ್ಗೆ ಚಾವಣಿಯಿಂದ ನೀರು ತೊಟ್ಟಿಕ್ಕುತ್ತೆ. ಸೋರುತ್ತಿಲ್ಲ, ಹಾಗಾದ್ರೆ ಇದೇನು?

ನಿಮ್ಮದೇ ಉಸಿರು. ಇಬ್ಬರು ರಾತ್ರಿಯಿಡೀ ಬಾಗಿಲು ಹಾಕಿ ಮಲಗಿದರೆ ಉಸಿರಿನಿಂದಲೇ ಅರ್ಧ ಲೀಟರಿನಷ್ಟು ನೀರು ಗಾಳಿಗೆ ಸೇರುತ್ತೆ. ಅಡುಗೆ ಮಾಡಿದರೆ ಇನ್ನೂ ಜಾಸ್ತಿ: ಒಂದು ಕೆಜಿ ಎಲ್‌ಪಿಜಿ ಉರಿದರೆ ಒಂದೂವರೆ ಕೆಜಿಗಿಂತ ಹೆಚ್ಚು ನೀರಾವಿ ಹುಟ್ಟುತ್ತೆ, ಅನ್ನ ಬೇಯಿಸಿದ ಆವಿ ಬೇರೆ. ಕೆಮ್ಮಣ್ಣುಗುಂಡಿಯಂಥ ಜಾಗದಲ್ಲಿ ಡಿಸೆಂಬರ್ ರಾತ್ರಿ ಹೊರಗಿನ ತಗಡು ತಣ್ಣಗಿರುತ್ತೆ. ಇನ್ಸುಲೇಷನ್‌ಗೂ ತಗಡಿಗೂ ನಡುವೆ ಸಂದು ಉಳಿದಿದ್ದರೆ ಈ ಆವಿ ಅಲ್ಲಿ ಹೊಕ್ಕು ನೀರಾಗುತ್ತೆ.

ಹಾಗಾಗಿ ಗ್ಲಾಸ್ ವೂಲ್ ವಾಪಸ್ ಹಾಕಬೇಡಿ, ಅದು ನೀರು ಹಿಡಿದು ಕೂರುತ್ತೆ. ಒಳಗೆ ಮುಚ್ಚಿದ ಗುಳ್ಳೆಗಳಿರುವ ನೈಟ್ರೈಲ್ ರಬ್ಬರ್ ಹಾಳೆಯನ್ನು ತಗಡಿಗೆ ಪೂರ್ತಿ ಅಂಟಿಸಿ, ನಡುವೆ ಗಾಳಿ ಉಳಿಯದ ಹಾಗೆ. ಎಲ್ಲರೂ ರಿಬ್‌ಗಳ ನಡುವಿನ ಜಾಗ ತುಂಬಿ ರಿಬ್ಬನ್ನು ಬರಿದಾಗಿ ಬಿಡುತ್ತಾರೆ. ತಣ್ಣನೆಯ ಕಬ್ಬಿಣ ಅಲ್ಲಿ ಸೀದಾ ಪ್ಲೈಗೆ ತಾಗುತ್ತೆ, ಬೆಳಿಗ್ಗೆ ಸಾಲಾಗಿ ಹನಿ ನಿಂತಿರುವುದು ಅಲ್ಲೇ. ರಿಬ್ ಮೇಲೂ 6 ಮಿ.ಮೀ. ಹಾಳೆ ಎಳೆಯಿರಿ. ಇಷ್ಟೆಲ್ಲ ಮಾಡಿದರೂ ಕಿಟಕಿ ಒಂದು ಬೆರಳು ತೆರೆದಿಡಲೇಬೇಕು.

ಥರ್ಮೊಕೋಲ್ ಅಗ್ಗ ಅಲ್ವಾ? ಅದನ್ನೇ ಹಾಕಿದ್ರೆ?

ಅಗ್ಗ ನಿಜ. ಬೆಂಕಿ ಹತ್ತಿದರೆ ಕರಗಿ, ಉರಿಯುತ್ತಾ ಮೈಮೇಲೆ ತೊಟ್ಟಿಕ್ಕುತ್ತೆ, ಹೊಗೆಯೂ ಕಪ್ಪಗೆ ದಟ್ಟ. ಕೆಳಗೆ ಸ್ಟವ್ ಇರುವ ಗಾಡಿ ಅದು. ವಾಹನದೊಳಗಿನ ವಸ್ತು ಎಷ್ಟು ಬೇಗ ಉರಿಯಬಹುದು ಅನ್ನುವುದಕ್ಕೆ ಐಎಸ್ 15061 ಅನ್ನುವ ಮಾನದಂಡ ಇದೆ. ಬಟ್ಟೆ, ಫೋಮ್ ಏನೇ ಕೊಳ್ಳುವಾಗಲೂ ಅದನ್ನು ಕೇಳಿ. ಅಂಗಡಿಯವರು ತಲೆ ಕೆರೆದುಕೊಂಡರೆ ಒಂದು ತುಂಡು ಕೇಳಿ ಪಡೆದು, ಹೊರಗೆ ಬಯಲಲ್ಲಿ ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ನೋಡಿ.

ಚಾವಣಿ ಫ್ಯಾನ್ ಕೂರಿಸೋಕೆ ಒಂದು ರಿಬ್ ಅಡ್ಡ ಬರ್ತಿದೆ. ಕತ್ತರಿಸಿದ್ರೆ ಏನಾಗುತ್ತೆ?

ಕತ್ತರಿಸಬೇಡಿ. ಗಾಡಿ ಮಗುಚಿದಾಗ ಚಾವಣಿ ತಲೆ ಮೇಲೆ ಕೂರದಂತೆ ತಡೆಯುವುದು ಆ ರಿಬ್‌ಗಳೇ. ಒಳಗಿನ ಗಾಳಿ ಹೊರಗೆ ತಳ್ಳುವ ಈ ಫ್ಯಾನಿಗೆ ತಗಡಿನಲ್ಲಿ ಕೊರೆಯುವ ತೂತು ಸಾಮಾನ್ಯವಾಗಿ 14 ಇಂಚು ಚೌಕ, ಇಲ್ಲವೇ 400 ಮಿ.ಮೀ. ಚೌಕ ಇರುತ್ತೆ. ಬಿಚ್ಚಿದ ಮೇಲೆ ರಿಬ್‌ಗಳ ನಡುವಿನ ಅಂತರ ಅಳೆದು ಆಮೇಲೆ ಫ್ಯಾನ್ ಆರ್ಡರ್ ಮಾಡಿ. ಮೊದಲೇ ಫ್ಯಾನ್ ತರಿಸಿ ಜಾಗ ಹುಡುಕುವವರೇ ರಿಬ್ ಕತ್ತರಿಸುವುದು.

ತೂತು ಕೊರೆಯುವಾಗ ಮೇಲಿನ ತಗಡಿಗೆ ಹಳೇ ಪೇಪರ್ ಅಂಟಿಸಿ. ಸಿಡಿದ ಕಬ್ಬಿಣದ ಪುಡಿ ಪೇಂಟಿಗೆ ಕಚ್ಚಿಕೊಂಡು ಒಂದು ಇಬ್ಬನಿ ರಾತ್ರಿಗೇ ಚುಕ್ಕೆ ಚುಕ್ಕೆ ತುಕ್ಕಾಗುತ್ತೆ. ಕತ್ತರಿಸಿದ ಅಂಚಿಗೆ ಪ್ರೈಮರ್ ಹಚ್ಚಿ, ಒಣಗಿಸಿ, ಬ್ಯೂಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಇಟ್ಟು ಆಮೇಲೆ ಫ್ರೇಮ್ ಕೂರಿಸಿ.

ಹೊಸ ಚಾವಣಿಗೆ ಎಷ್ಟು ದಪ್ಪದ ಪ್ಲೈ? ಕಾರ್ಪೆಂಟರ್ 12 ಮಿ.ಮೀ. ಅಂತಾನೆ

ಅವನು ಮನೆಯ ವಾರ್ಡ್‌ರೋಬ್ ಲೆಕ್ಕದಲ್ಲಿ ಹೇಳುತ್ತಿದ್ದಾನೆ. ಎಂಟು ಅಡಿ ನಾಲ್ಕು ಅಡಿಯ 12 ಮಿ.ಮೀ. ಹಾಳೆ ಸುಮಾರು 20 ಕೆಜಿ ತೂಗುತ್ತೆ, 4 ಮಿ.ಮೀ. ಆದರೆ 7 ಕೆಜಿ. ಅಷ್ಟು ಭಾರವನ್ನು ಗಾಡಿಯ ತುತ್ತತುದಿಯಲ್ಲಿ ಹೊತ್ತು ಚಾರ್ಮಾಡಿ ಘಾಟಿ ಇಳಿದು ನೋಡಿ, ತಿರುವಿನಲ್ಲಿ ಗಾಡಿ ಹೇಗೆ ಓಲಾಡುತ್ತೆ ಅಂತ. 4 ಮಿ.ಮೀ. ಪ್ಲೈ ಬಾಗಿಗೂ ಒಗ್ಗುತ್ತೆ, ರಿಬ್ಬಿಗೆ ಹಿಡಿದರೆ ಜೋಲುವುದೂ ಇಲ್ಲ. ಎರಡೂ ಕಡೆ ವಾರ್ನಿಶ್ ಹೊಡೆಯಿರಿ. ಹಿಂಬದಿ ಯಾರಿಗೆ ಕಾಣುತ್ತೆ ಅಂತ ಬಿಟ್ಟರೆ ಆ ಕಡೆಯಿಂದಲೇ ಬೂಷ್ಟು ಬರುತ್ತೆ.

ಎಲ್ಲ ಮುಗಿಸಿ ಸ್ಕ್ರೂ ಹಾಕಿದೆ. ಚಾವಣಿ ಮೇಲೆ ಸಣ್ಣ ಮೊಡವೆ ಥರ ಎದ್ದಿದೆ!

ಸ್ವಾಗತ, ನಾನೂ ಇದೇ ಸಂಘದವನು. ಪ್ಲೈ, ಹಾಳೆ, ರಿಬ್ ಎಲ್ಲ ಕೂಡಿಸಿದರೂ 13 ಮಿ.ಮೀ. ಸ್ಕ್ರೂ ಸಾಕಾಗುವ ಜಾಗಕ್ಕೆ ಡಬ್ಬಿಯಲ್ಲಿ ಸಿಕ್ಕಿತು ಅಂತ 25 ಮಿ.ಮೀ. ಹಾಕಿದ್ದೆ. ಒಳಗೆ ನಿಂತವನಿಗೆ ಏನೂ ಗೊತ್ತಾಗಲಿಲ್ಲ, ಸ್ಕ್ರೂ ಬೆಣ್ಣೆಯ ಹಾಗೆ ಹೋಯಿತು. ಎರಡು ದಿನ ಬಿಟ್ಟು ಏಣಿ ಹತ್ತಿದಾಗ ಬೆಳ್ಳಿ ಚುಕ್ಕೆಯೊಂದು ಬಿಸಿಲಿಗೆ ಮಿನುಗುತ್ತಿತ್ತು.

ಮೊಡವೆ ಎದ್ದಿದೆ, ತೂತಾಗಿಲ್ಲ ಅಂದರೆ ಸ್ಕ್ರೂ ತೆಗೆದು ಗಿಡ್ಡದ್ದು ಹಾಕಿ. ಮೇಲೆ ಪೇಂಟ್ ಬಿರುಕು ಬಿಟ್ಟಿದ್ದರೆ ಅಷ್ಟು ಜಾಗ ಉಜ್ಜಿ ಪ್ರೈಮರ್, ಪೇಂಟ್. ತೂತಾಗಿದ್ದರೆ ಮೇಲಿನಿಂದ ಅಂಚು ಸಾಣೆ ಹಿಡಿದು, ಪ್ರೈಮರ್ ಹಚ್ಚಿ, ಪಿಯು ಸೀಲೆಂಟ್ ತುಂಬಿ, ಸೀಲ್ ಆಗುವ ಥರದ ಮುಚ್ಚಿದ ತುದಿಯ ರಿವೆಟ್ ಒಂದನ್ನು ಹೊಡೆಯಿರಿ. ಇನ್ನು ಮುಂದೆ ಸ್ಕ್ರೂ ಬದಲು ರಿಬ್‌ಗೆ ರಿವೆಟ್ ನಟ್ (ರಿವೆಟ್ಟಿನ ಹಾಗೆ ತೂತಿಗೆ ಕಚ್ಚಿಕೊಳ್ಳುವ ನಟ್) ಕೂರಿಸಿ ಎಂ5 (5 ಮಿ.ಮೀ.) ಬೋಲ್ಟ್ ಹಾಕಿ. ಕಾಸು ಸ್ವಲ್ಪ ಜಾಸ್ತಿ, ಆದರೆ ಮುಂದಿನ ಸಲ ಬಿಚ್ಚುವಾಗ ಏನೂ ಮುರಿಯುವುದಿಲ್ಲ. ನನ್ನ ಆ ಚುಕ್ಕೆ ಇನ್ನೂ ಇದೆ, ಡ್ರೈವರ್ ಸೀಟಿನ ಹಿಂದೆ, ಎಡಕ್ಕೆ. ಜೋರು ಮಳೆ ಬಂದಾಗೆಲ್ಲ ಅಲ್ಲಿಗೆ ಒಂದು ಸಲ ಕೈ ಹೋಗುತ್ತೆ, ಒದ್ದೆ ಆಗಿದೆಯಾ ಅಂತ.